ಹಳೆಯ ಚಂದಮಾಮದ ಮುಖಪುಟಕ್ಕೆ ಕಟ್ಟು ಹಾಕಿಸಿದ್ದು: ಅಂಗಡಿ ಹೇಗಿದೆ?

ಹಳೆಯ ಚಂದಮಾಮದ ಮುಖಪುಟವನ್ನು ಗೋಡೆಗೆ ಹಾಕಬೇಕು ಅಂತಿದ್ದರೆ ಒಂದು ವಿಷಯ ಗೊತ್ತಿರಲಿ. ದುಡ್ಡು ಹೋಗುವುದು ಪತ್ರಿಕೆಗಲ್ಲ, ಫ್ರೇಮಿಗೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಳಪುಟಗಳೆಲ್ಲ ಕಳಚಿಹೋದ ಸಂಚಿಕೆ ನನಗೆ 150 ರೂಪಾಯಿಗೆ ಸಿಕ್ಕಿತು. ಕಟ್ಟು ಹಾಕಿಸಿದ್ದಕ್ಕೆ 1,100 ಆಯಿತು. ಗಟ್ಟಿಯಾಗಿರುವ ಸಂಚಿಕೆಯ ಮುಖಪುಟ ಹರಿಯಲು ನನಗಂತೂ ಮನಸ್ಸು ಬರುವುದಿಲ್ಲ. ಇಂಥ ಬಿಡಿಬಿಡಿಯಾದದ್ದನ್ನೇ ಹುಡುಕಿ.

ಚಂದಮಾಮ 1947ರಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಟಿತು. ಕನ್ನಡಕ್ಕೆ ಬಂದದ್ದು ಆಮೇಲೆ. ಚಿತ್ರ ಎಲ್ಲ ಭಾಷೆಗೂ ಒಂದೇ, ಮೇಲಿನ ಅಕ್ಷರ, ಕೆಲವು ಭಾಷೆಯಲ್ಲಿ ಹೆಸರು, ಅಷ್ಟೇ ಬೇರೆ. ಚಿತ್ರ ಸಿಕ್ಕರೆ ಸಾಕು ಅನ್ನುವವರು ತಮಿಳಿನ ‘ಅಂಬುಲಿಮಾಮ’ ಕಂಡರೂ ಬಿಡಬೇಡಿ. ಚಂದಮಾಮದ ಕಲಾವಿದ ವಡ್ಡಾದಿ ಪಾಪಯ್ಯನವರ ಚಿತ್ರವಾದರೆ ಕೇಳುವುದೇ ಬೇಡ. ನನ್ನದು ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಚಿತ್ರ. ಅದರ ಮೇಲೆ ಕನ್ನಡ ಅಕ್ಷರವೇ ಇರಬೇಕಿತ್ತು, ಹಠ ಅಷ್ಟೇ!

ಫ್ರೇಮಿನ ಅಂಗಡಿ ಚಿಕ್ಕಪೇಟೆಯ ಒಂದು ಸಂದಿಯಲ್ಲಿದೆ. ಹೆಚ್ಚಾಗಿ ದೇವರ ಪಟಗಳ ಕೆಲಸ. “ಅಂಚು ಹರಿದಿದೆ, ನೀಟಾಗಿ ಕತ್ತರಿಸಿಬಿಡ್ಲಾ ಮೇಡಂ?” ಅಂದರು ಅಂಗಡಿಯವರು. ಬೇಡ ಅಂದೆ. ಬೆಲೆ, ಪಿನ್ನಿನ ತೂತು, ಯಾರೋ ಮಗು ಪೆನ್ನಿನಲ್ಲಿ ಗೀಚಿದ್ದು, ಎಲ್ಲ ಇರಲಿ ಅಂದೆ. ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಹೇಳಿದಂತೆಯೇ ಮಾಡಿದರು. ಫೆವಿಕಾಲ್ ಮುಟ್ಟಿಸಲಿಲ್ಲ. ಮೇಲಂಚಿಗೆ ಮಾತ್ರ ತೆಳು ಕಾಗದದ ಎರಡು ಪಟ್ಟಿ, ಮೈದಾ ಅಂಟು. ನಾಳೆ ಬಿಡಿಸಬೇಕು ಅಂದರೆ ಒದ್ದೆ ಮಾಡಿ ಬಿಡಿಸಬಹುದು. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡಿನಷ್ಟು (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಜಾಗ ಬಿಟ್ಟಿದ್ದಾರೆ. ಇದು ಬಹಳ ಮುಖ್ಯ. ಮಳೆಗಾಲದ ತೇವಕ್ಕೆ ಹಳೆಯ ಮುಖಪುಟ ಗಾಜಿಗೆ ಅಂಟಿಕೊಂಡರೆ ಬಣ್ಣ ಗಾಜಿನ ಜೊತೆಗೇ ಎದ್ದು ಬರುತ್ತದೆ.

ತಕರಾರೂ ಇದೆ. ಆಸಿಡ್ ಇಲ್ಲದ ಬೋರ್ಡ್ ಕೇಳಿದರೆ “ಎಲ್ಲಾ ಒಂದೇ ಮೇಡಂ” ಎಂದು ಮಾಮೂಲಿ ಬೋರ್ಡನ್ನೇ ತೆಗೆದರು. ಅದು ವರ್ಷಗಳು ಕಳೆದಂತೆ ಕಾಗದದ ಅಂಚನ್ನು ಕಂದು ಮಾಡುತ್ತದೆ. ಪಟ್ಟು ಹಿಡಿದ ಮೇಲೆ ತರಿಸಿಕೊಟ್ಟರು. ಶನಿವಾರ ಕೊಡುತ್ತೇನೆ ಅಂದದ್ದು ಮುಂದಿನ ವಾರಕ್ಕೆ ಹೋಯಿತು, ಫೋನ್ ಮಾಡಿದರೆ ಎತ್ತುವುದಿಲ್ಲ. ಗಾಜೂ ಸಾಧಾರಣದ್ದು, ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಅರ್ಜುನನಿಗಿಂತ ಟ್ಯೂಬ್‌ಲೈಟೇ ಜಾಸ್ತಿ ಕಾಣುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ‘ವಿಂಟೇಜ್’ ಪೋಸ್ಟರನ್ನೂ ಒಂದು ತರಿಸಿ ಪಕ್ಕದಲ್ಲಿಟ್ಟು ನೋಡಿದೆ. ಅಸಲಿಯಲ್ಲಿ ಭೂತಗನ್ನಡಿ ಹಿಡಿದರೆ ಬಣ್ಣದ ಚುಕ್ಕೆಗಳು ಒಂದೊಂದಾಗಿ ಕಾಣುತ್ತವೆ. ಪೋಸ್ಟರಿನಲ್ಲಿ ಎಲ್ಲ ಕಲಸಿದ ಹಾಗಿದೆ. ಹೆಸರನ್ನೂ ಬೆಲೆಯನ್ನೂ ಅಳಿಸಿಬಿಟ್ಟಿದ್ದಾರೆ. ಹಾಗಾದರೆ ಅದು ಮುಖಪುಟ ಹೇಗಾಗುತ್ತದೆ?

ನಿಮ್ಮ ಗೋಡೆಗೆ ನೇರ ಬಿಸಿಲು ಬೀಳುತ್ತಿದ್ದರೆ ಮಾತ್ರ ಅಸಲಿಯನ್ನು ನೇತುಹಾಕಬೇಡಿ. ಚೆನ್ನಾಗಿ ಸ್ಕ್ಯಾನ್ ಮಾಡಿಸಿ ಪ್ರಿಂಟ್ ಹಾಕಿ, ಅಸಲಿ ಬೀರುವಿನಲ್ಲಿರಲಿ. ಉಳಿದಂತೆ ಈ ಅಂಗಡಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಬೋರ್ಡ್ ಯಾವುದು ಅಂತ ಮುಂಗಡ ಕೊಡುವ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.