ನೇರವಾಗಿ ಎತ್ತಿ ಹಿಡಿಯುವುದೋ, ಬಟ್ಟೆ ಸುತ್ತಿ ತೂಗುವುದೋ?

ಎಳೆಗೂಸು ಒಂದೇ ಸಮನೆ ಅಳುತ್ತಿದ್ದರೆ ಕೈಕಾಲೇ ಆಡುವುದಿಲ್ಲ, ಅಲ್ವಾ? ಯಾವುದನ್ನು ಮೊದಲು ಮಾಡಬೇಕು ಅನ್ನುವುದಕ್ಕೆ ಅಳು ಶುರುವಾಗುವ ಹೊತ್ತನ್ನು ಗಮನಿಸಿ.

ಹಾಲು ಕುಡಿದ ಸ್ವಲ್ಪ ಹೊತ್ತಿಗೇ ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸಿ, ಹಾಲು ಕಕ್ಕಿ ಅತ್ತರೆ ರಿಫ್ಲಕ್ಸ್ ಇರಬಹುದು. ಅನ್ನನಾಳದ ಕೆಳತುದಿಯ ಸ್ನಾಯು ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ಹಾಲು ಮೇಲೆ ಬರುತ್ತದೆ. ಇದಕ್ಕೆ ನೇರವಾಗಿ ಹಿಡಿಯುವುದೇ ಒಳ್ಳೆಯದು. ಮಗುವಿನ ಗದ್ದ ನಿಮ್ಮ ಹೆಗಲ ಮೇಲಿರಲಿ. ಒಂದು ಕೈ ಮಗುವಿನ ಕುಂಡಿಯ ಕೆಳಗೆ, ಇನ್ನೊಂದು ಕತ್ತಿಗೆ ಆಸರೆ. ಹೊಟ್ಟೆ ಮಡಚಬಾರದು. 20-30 ನಿಮಿಷ ಹೀಗೇ ಇರಿ. ಆಗ ಜೋರಾಗಿ ತೂಗಬೇಡಿ. ಒಮ್ಮೆಲೇ ಜಾಸ್ತಿ ಕುಡಿಸದೆ, ನಡುನಡುವೆ ತೇಗಿಸಿ.

ಹಾಲಿಗೂ ಅಳುವಿಗೂ ಸಂಬಂಧವೇ ಕಾಣದೆ, ಸಂಜೆಯಾದರೆ ಮುಷ್ಟಿ ಬಿಗಿದು, ಮುಖ ಕೆಂಪಾಗಿಸಿ ಅತ್ತರೆ ಅದು ಕೋಲಿಕ್, ಅಂದರೆ ಕಾರಣ ತಿಳಿಯದೆ ತುಂಬಾ ಹೊತ್ತು ಅಳುವುದು, ಇರಬಹುದು. 6 ವಾರದ ಹೊತ್ತಿಗೆ ಇದು ಜೋರಾಗಿ, ಸಾಮಾನ್ಯವಾಗಿ 3-4 ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇಲ್ಲಿ ತೆಳು ಬಟ್ಟೆ ಸುತ್ತಿ, ಮೆಲ್ಲಗೆ ತೂಗಿ, ಕಿವಿಯ ಹತ್ತಿರ 'ಶ್...' ಅನ್ನಿ. ಸೊಂಟದ ಕೆಳಗೆ ಬಟ್ಟೆ ಸಡಿಲವಾಗಿರಲಿ. ಮಗು ಮಗ್ಗುಲಾಗಲು ನೋಡಿತೆಂದರೆ ಸುತ್ತುವುದನ್ನು ನಿಲ್ಲಿಸಿ.

ಎರಡೂ ಇದ್ದ ಹಾಗಿದ್ದರೆ? ನಾನಾದರೆ ಮೊದಲು ಎತ್ತಿ ಹಿಡಿದು, ಆಮೇಲೆ ತೂಗುತ್ತೇನೆ. ಮಲಗಿಸುವುದು ಮಾತ್ರ ಯಾವಾಗಲೂ ಸಮತಟ್ಟಾದ ಹಾಸಿಗೆಯಲ್ಲಿ, ಅಂಗಾತ. ರಿಫ್ಲಕ್ಸ್ ಇದ್ದರೂ ಅಷ್ಟೇ, ದಿಂಬು ಬೇಡ.

ಹಸಿರು ವಾಂತಿ, ರಕ್ತ, 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚು ಜ್ವರ, ತೂಕ ಏರದಿರುವುದು, ಇವುಗಳಲ್ಲಿ ಒಂದು ಕಂಡರೂ ಸುಮ್ನೆ ಕಾಯದೆ ವೈದ್ಯರಿಗೆ ತೋರಿಸಿ. ನಿಮಗೇ ತಡೆಯಲಾಗದಿದ್ದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಆಚೆ ಹೋಗಿ ಬನ್ನಿ. ಕುಲುಕಲೇಬೇಡಿ.