ಕೆಜಿಎಫ್ ಕ್ರೈಸ್ತ ಪುಸ್ತಕದಂಗಡಿ: ಟೈಮ್ ಇಟ್ಕೊಂಡು ಹೋಗಿ

ರಾಬರ್ಟ್‌ಸನ್‌ಪೇಟೆಲಿ ಇರೋ ಸಣ್ಣ ಅಂಗಡಿ, ತಮಿಳು ಪುಸ್ತಕಾನೇ ಜಾಸ್ತಿ, ಕನ್ನಡದ್ದು ಒಂದೇ ರ‍್ಯಾಕು, ಅದೂ ಧೂಳು. ಕ್ರೈಸ್ತರು ಯುದ್ಧ ಮಾಡಬೋದಾ ಅನ್ನೋದ್ರ ಬಗ್ಗೆ ಏನಾದ್ರೂ ಇದ್ಯಾ ಅಂಕಲ್ ಅಂದೆ, ಅವ್ರು ವ್ಯಾಪಾರ ಬಿಟ್ಟು ಬೈಬಲ್ ತೆಗೆದು ಮತ್ತಾಯ 26:52 ತೋರಿಸಿದ್ರು, ಕತ್ತಿ ಹಿಡಿದೋರು ಕತ್ತಿಯಿಂದಾನೇ ಸಾಯ್ತಾರೆ ಅಂತ ಯೇಸು ಹೇಳಿದ್ದು. ಆಮೇಲೆ ಅವ್ರೇ ಲೂಕ 22:36ಕ್ಕೆ ಬೆರಳಿಟ್ಟು, ಬಟ್ಟೆ ಮಾರಿಯಾದ್ರೂ ಕತ್ತಿ ತಗೊಳ್ಳಿ ಅಂತಾನೂ ಇದೆ ನೋಡಪ್ಪ ಅಂತ ನಕ್ಕರು!

ಕೊನೆಗೆ ಕೊಟ್ಟ ಹಳೇ ಕಿರುಪುಸ್ತಕ ಮಾತ್ರ ಸುಮಾರು. ಹಳೇ ಕಾಲದ ಕ್ರೈಸ್ತ ಪಂಡಿತರಾದ ಅಗಸ್ಟೀನ್, ಅಕ್ವಿನಾಸ್ ಹೇಳಿದ ನ್ಯಾಯಯುದ್ಧದ ಷರತ್ತುಗಳು, ಅಂದ್ರೆ ಸರಿಯಾದ ಕಾರಣ, ಅಧಿಕಾರ ಇರೋರ ಅಪ್ಪಣೆ, ಒಳ್ಳೆ ಉದ್ದೇಶ ಇವೆಲ್ಲ ಚೆನ್ನಾಗಿ ಬಿಡಿಸಿದ್ದಾರೆ, ಆದ್ರೆ 1095ರಲ್ಲಿ ಪೋಪ್ ಎರಡನೇ ಅರ್ಬನ್ ಕ್ರುಸೇಡ್‌ಗೆ, ಅಂದ್ರೆ ಕ್ರೈಸ್ತರ ಧರ್ಮಯುದ್ಧಕ್ಕೆ ಕರೆ ಕೊಟ್ಟಿದ್ದು, 1099ರಲ್ಲಿ ಆ ಸೈನ್ಯ ಜೆರುಸಲೇಮಲ್ಲಿ ಮುಸ್ಲಿಮರನ್ನ, ಯಹೂದಿಗಳನ್ನ ಕಡಿದಿದ್ದು ಎರಡೇ ಸಾಲಲ್ಲಿ ಮುಗಿಸಿಬಿಟ್ಟವ್ರೆ, ಇದ್ಯಾವ ನ್ಯಾಯ ಗುರೂ. ಯುದ್ಧಕ್ಕೇ ಹೋಗಲ್ಲ ಅಂತ ಜೈಲು ಸೇರಿದ ಕ್ವೇಕರ್, ಮೆನೊನೈಟ್ ಅನ್ನೋ ಕ್ರೈಸ್ತ ಪಂಗಡದೋರ ಹೆಸರೇ ಇಲ್ಲ. ನನ್ ಪ್ರಕಾರ ಆ ಷರತ್ತು ಹಿಡಿದು ನೋಡಿದ್ರೆ ಜೆರುಸಲೇಮಿನ ದಾಳಿ ಪಾಸಾಗಲ್ಲ.

4 ಸ್ಟಾರ್, ಒಂದು ಕಟ್ ಮಾಡಿದ್ದು ಪುಸ್ತಕಕ್ಕೆ, ಅಂಕಲ್‌ಗಲ್ಲ. ಫೋನ್‌ಪೇ ಇದೆ, ಭಾನುವಾರ ಚರ್ಚ್ ಬಿಡೋವರೆಗೂ ಬಾಗಿಲು ತೆಗೆಯಲ್ಲ.