ಉಬುಂಟು ಸ್ಟುಡಿಯೋ: ಮೂರು ವರ್ಷ ಬಳಸಿದ ಮೇಲೆ

ಹಾಸನದ ಸಾಲಗಾಮೆ ರಸ್ತೆಯ ಮನೆಯ ಮಹಡಿ ಕೋಣೆಯಲ್ಲಿ ನಾನು ಭಾವಗೀತೆ ಮತ್ತು ನೃತ್ಯ ಕಾರ್ಯಕ್ರಮಗಳಿಗೆ ಹಿನ್ನೆಲೆ ಸಂಗೀತ ಮುದ್ರಿಸುತ್ತೇನೆ. ಮೂರು ವರ್ಷಗಳಿಂದ ಹಳೆಯ ಲ್ಯಾಪ್‌ಟಾಪಿನಲ್ಲೇ ಉಬುಂಟು ಸ್ಟುಡಿಯೋ 22.04 (ಸಂಗೀತ, ವಿಡಿಯೋ ಕೆಲಸಕ್ಕೆಂದೇ ಸಜ್ಜುಗೊಳಿಸಿದ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ) ಬಳಸುತ್ತಿದ್ದೇನೆ. ಇದಕ್ಕೆ ಬರುವಂತೆ ಮಾಡಿದ್ದು ಒಬ್ಬ ಮೃದಂಗ ವಾದಕರು. ಹಿಂದಿನ ವ್ಯವಸ್ಥೆಯಲ್ಲಿ ಸೀಕ್ವೆನ್ಸರ್ (ಬರೆದಿಟ್ಟ ಸ್ವರ, ಪೆಟ್ಟುಗಳನ್ನು ತಾನೇ ನುಡಿಸುವ ತಂತ್ರಾಂಶ) ಹಾಕುತ್ತಿದ್ದ ತಾಳಕ್ಕೆ ನುಡಿಸಲು ಕೂತವರು ನಾಲ್ಕನೇ ಆವರ್ತದಲ್ಲಿ ಕೈ ನಿಲ್ಲಿಸಿ, "ಸಾರ್, ಇದು ನಿಧಾನ ಅಲ್ಲ, ಕಾಲಪ್ರಮಾಣವೇ ಅಲುಗಾಡ್ತಿದೆ" ಎಂದರು.

ಅಂದು ರಾತ್ರಿ ನಿಮಿಷಕ್ಕೆ 100 ಬಡಿತದ ವೇಗದಲ್ಲಿ ಬಡಿತಕ್ಕೆ ನಾಲ್ಕರಂತೆ 'ತಕಧಿಮಿ'ಯ ಪೆಟ್ಟುಗಳನ್ನು ಮಿಡಿ ತಂತಿಯ (ವಾದ್ಯಗಳಿಗೆ ಸ್ವರದ ಆದೇಶ ಒಯ್ಯುವ ತಂತಿ) ಮೂಲಕ ಸಂಗೀತದ ಕೀಬೋರ್ಡಿಗೆ ಕಳಿಸಿ, ಬಂದ ಸದ್ದನ್ನು ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ದರದಲ್ಲಿ ಮುದ್ರಿಸಿ, ಅಲೆಯ ಚಿತ್ರವನ್ನು ಹಿಗ್ಗಿಸಿ ಎಣಿಸಿದೆ. ಎರಡು ಪೆಟ್ಟುಗಳ ನಡುವೆ 150 ಮಿಲಿಸೆಕೆಂಡ್, ಅಂದರೆ 7,200 ಸ್ಯಾಂಪಲ್ ಇರಬೇಕಿತ್ತು. ಇದ್ದದ್ದು ಒಮ್ಮೆ 6,750ರ ಆಸುಪಾಸು, ಇನ್ನೊಮ್ಮೆ 7,500ರ ಆಸುಪಾಸು. ನಡುವಿನ ವ್ಯತ್ಯಾಸ 750. 48,000ವನ್ನು 64ರಿಂದ ಭಾಗಿಸಿದರೆ ಬರುವುದೂ ಅದೇ 750. ಆ ವ್ಯವಸ್ಥೆಯ ಟೈಮರ್ ಸೆಕೆಂಡಿಗೆ 64 ಬಾರಿ, ಎಂದರೆ 15.6 ಮಿಲಿಸೆಕೆಂಡಿಗೊಮ್ಮೆ ಮಾತ್ರ ಎಚ್ಚರಗೊಳ್ಳುತ್ತಿತ್ತು. ಪೆಟ್ಟು ಬೀಳಬೇಕಾದ ಗಳಿಗೆ ಎರಡು ಎಚ್ಚರಗಳ ನಡುವೆ ಬಂದರೆ ಅದು ಮುಂದಿನ ಎಚ್ಚರದವರೆಗೆ ಕಾಯಬೇಕಿತ್ತು. ತಡ ಒಂದೇ ಸಮನಾಗಿದ್ದರೆ ವಾದಕರ ಕೈ ಹೊಂದಿಕೊಳ್ಳುತ್ತದೆ, ಆಮೇಲೆ ಇಡೀ ಟ್ರ್ಯಾಕನ್ನು ಹಿಂದಕ್ಕೆ ಸರಿಸಲೂಬಹುದು. ಪೆಟ್ಟಿನಿಂದ ಪೆಟ್ಟಿಗೆ ಬದಲಾಗುವ ತಡಕ್ಕೆ ಅಂಥ ಮದ್ದಿಲ್ಲ.

ಉಬುಂಟು ಸ್ಟುಡಿಯೋದಲ್ಲಿ ತಡ ಕಡಿಮೆ ಮಾಡಲೆಂದೇ ಹೊಂದಿಸಿದ ವ್ಯವಸ್ಥೆಯ ತಿರುಳು, ಅಂದರೆ ಲೋ-ಲೇಟೆನ್ಸಿ ಕರ್ನಲ್‌ನಲ್ಲಿ ಅದೇ ಪರೀಕ್ಷೆ ಮಾಡಿದಾಗ ಏರುಪೇರು ಹೆಚ್ಚೆಂದರೆ 50 ಸ್ಯಾಂಪಲ್, ಸುಮಾರು 1 ಮಿಲಿಸೆಕೆಂಡ್. ಮಿಡಿ ತಂತಿಯ ಮಿತಿ ಮಾತ್ರ ಹಾಗೇ ಇದೆ: 1983ರಲ್ಲಿ ಬಂದ ಆ ಮಾನದಂಡದ ವೇಗ ಸೆಕೆಂಡಿಗೆ 31,250 ಬಿಟ್, ಆದ್ದರಿಂದ ಮೂರು ಸ್ವರಗಳನ್ನು ಒಟ್ಟಿಗೆ ಕಳಿಸಿದರೆ ಕೊನೆಯದು ಸುಮಾರು 2 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ.

ತೊಂದರೆಗಳೂ ಇವೆ. ಬಫರ್ (ಯಂತ್ರ ಒಮ್ಮೆಗೆ ಸೇರಿಸಿಟ್ಟುಕೊಳ್ಳುವ ಸದ್ದಿನ ತುಣುಕು) 128 ಸ್ಯಾಂಪಲ್ ಇದ್ದರೆ ಒಂದು ಬಫರಿನ ತಡ 2.7 ಮಿಲಿಸೆಕೆಂಡ್, ಮೃದಂಗದ ನಾದ ಗಾಳಿಯಲ್ಲಿ ಮೂರಡಿ ಸಾಗುವಷ್ಟು ಹೊತ್ತು. 64ಕ್ಕೆ ಇಳಿಸಿದರೆ ನನ್ನ ಯಂತ್ರ ಚಟಪಟ ಎನ್ನುತ್ತದೆ. ವೈ-ಫೈ ಆರಿಸಬೇಕು, ಪ್ರೊಸೆಸರಿನ ವಿದ್ಯುತ್ ಉಳಿತಾಯವನ್ನೂ ನಿಲ್ಲಿಸಬೇಕು. ಇವನ್ನೆಲ್ಲ ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಬರೀ ಗಾಯನ ಮುದ್ರಿಸುವವರಿಗೆ ಇಷ್ಟು ಶ್ರಮ ಬೇಕಿಲ್ಲ. ಸೀಕ್ವೆನ್ಸರಿನ ಜೊತೆ ಮೃದಂಗ, ಖಂಜಿರ ಕೂಡಿಸುವವರು ಮೇಲಿನ ಪರೀಕ್ಷೆಯನ್ನು ತಮ್ಮ ಯಂತ್ರದಲ್ಲಿ ಖಂಡಿತ ಮಾಡಿ ನೋಡಬೇಕು, ಆದರೆ 120ರ ವೇಗದಲ್ಲಿ ಬೇಡ. ನಾನು ಮೊದಲು ಅದನ್ನೇ ಮಾಡಿ ಎಲ್ಲ ಸರಿಯಿದೆ ಎಂದುಕೊಂಡಿದ್ದೆ. ಆ ವೇಗದಲ್ಲಿ ಪೆಟ್ಟುಗಳ ಅಂತರ 125 ಮಿಲಿಸೆಕೆಂಡ್, ಸರಿಯಾಗಿ ಎಂಟು ಎಚ್ಚರಗಳಷ್ಟಾಗಿ ದೋಷ ಕಾಣಿಸುವುದೇ ಇಲ್ಲ.